ಟರ್ಬ್ಯುಲೆನ್ಸ್ ಸ್ಟ್ರೆಂತ್ ಇಳಿಸಿದರೆ ಕಣಗಳೆಲ್ಲ ಒಂದೇ ಕಡೆ ವಾಲುತ್ತವೆ, ಏರಿಸಿದರೆ ಚೆಲ್ಲಾಪಿಲ್ಲಿ. ಸರಿ ಮಾಡೋದು ಹೇಗೆ?

ಬೂದಿಕಣ:
ಎಲ್ಲರಿಗೂ ನಮಸ್ಕಾರ. ಬ್ಲೆಂಡರ್ ಅನ್ನೋ 3D ಆನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಒಂದು ಶಾಟ್ ಮಾಡ್ತಾ ಇದೀನಿ. ಉರಿದು ಮುಗಿದ ಕಾಗದದ ರಾಶಿಯಿಂದ ಬೂದಿಯ ಚೂರುಗಳು ಮೇಲೇಳಬೇಕು, ಸುಮಾರು ಎರಡು ಮೀಟರ್ ಎತ್ತರಕ್ಕೆ ಹೋಗಿ, ಅಲ್ಲಲ್ಲೇ ಸುಳಿದಾಡಿ ಚದುರಬೇಕು. ಒಂದು ಪಾರ್ಟಿಕಲ್ ಸಿಸ್ಟಮ್ (ಕಣಗಳನ್ನ ಹುಟ್ಟಿಸೋದು), ಮೇಲ್ಮುಖವಾಗಿ ಒಂದು ವಿಂಡ್ ಫೀಲ್ಡ್ (ಒಂದೇ ಕಡೆ ತಳ್ಳೋದು), ಜೊತೆಗೆ ಒಂದು ಟರ್ಬ್ಯುಲೆನ್ಸ್ ಫೀಲ್ಡ್ (ಸುಳಿ ತರೋದು). ಸೆಟಪ್ ಇಷ್ಟೇ.

ಸ್ಟ್ರೆಂತ್ 5 ಇಟ್ಟರೆ ಇಡೀ ಕಂಬವೇ ಎಡಕ್ಕೆ ವಾಲಿಕೊಂಡು ಹೋಗುತ್ತೆ, ಒಂದು ಸುಳಿಯೂ ಕಾಣಲ್ಲ. 40ಕ್ಕೆ ಏರಿಸಿದರೆ ಚಿಮ್ಮಿ ಫ್ರೇಮಿನಿಂದಲೇ ಆಚೆ ಹೋಗುತ್ತೆ. ನಡುವೆ ಯಾವ ಸಂಖ್ಯೆ ಹಾಕಿದರೂ ಎರಡರಲ್ಲಿ ಒಂದು. ಸೈಜ್ 4, ನಾಯ್ಸ್ 0, ಫ್ಲೋ 0, ಗ್ಲೋಬಲ್ ಆನ್. ಕಣಕ್ಕೆ ಡ್ರ್ಯಾಗ್ (ಗಾಳಿಯ ತಡೆ) 1 ಕೊಟ್ಟು ನೋಡಿದೆ, ವ್ಯತ್ಯಾಸವೇ ಇಲ್ಲ. ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭ ಬೆಲೆ) ಬದಲಿಸಿದರೂ ಅದೇ ಎಡಕ್ಕೇ ವಾಲುತ್ತೆ. ಇಂಥ ಶಾಟ್‌ಗೆ ಸ್ಟ್ರೆಂತ್ ಎಷ್ಟಿರಬೇಕು ಅಂತ ಯಾರಾದ್ರೂ ಹೇಳ್ತೀರಾ?

ಸುಳಿಗಾಳಿ:
ಸ್ಟ್ರೆಂತ್ ಪ್ರಶ್ನೆಯನ್ನ ಕೊನೆಗೆ ಇಟ್ಕೊಳ್ಳಿ. ನಿಮ್ಮ ತೊಂದರೆ ಇರೋದು ಸೈಜ್‌ನಲ್ಲಿ.

ಟರ್ಬ್ಯುಲೆನ್ಸ್ ಫೀಲ್ಡ್ ಅಂದರೆ ಕಣಗಳನ್ನ ಹಿಡಿದು ಅಲ್ಲಾಡಿಸುವ ಬಲ ಅಂತ ಬಹಳ ಜನ ಅಂದುಕೊಂಡಿರ್ತಾರೆ. ಹಾಗಲ್ಲ. ಅದು ಜಾಗದಲ್ಲಿ ಹರಡಿಕೊಂಡಿರುವ ಒಂದು ನಕ್ಷೆ. ಪ್ರತಿ ಬಿಂದುವಿನಲ್ಲೂ ಬಲಕ್ಕೊಂದು ದಿಕ್ಕು, ಒಂದು ಪ್ರಮಾಣ ಗೊತ್ತಾಗಿರುತ್ತೆ. ಗ್ರಾಫಿಕ್ಸ್ ವಿಜ್ಞಾನಿ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ (ನಯವಾಗಿ ಏರಿಳಿಯುವ ಯಾದೃಚ್ಛಿಕ ಬೆಲೆಗಳು) ಇದೆಯಲ್ಲ, ಅದೇ ಜಾತಿಯ ಲೆಕ್ಕದಿಂದ ಈ ನಕ್ಷೆ ಹುಟ್ಟುತ್ತೆ. ಪಕ್ಕಪಕ್ಕದ ಬಿಂದುಗಳಲ್ಲಿ ದಿಕ್ಕು ಹೆಚ್ಚುಕಡಿಮೆ ಒಂದೇ. ಎಷ್ಟು ದೂರ ಹೋದರೆ ದಿಕ್ಕು ಬೇರೆಯಾಗುತ್ತೆ ಅನ್ನೋದನ್ನ ತೀರ್ಮಾನಿಸೋದು ಸೈಜ್. ನಿಮ್ಮ ಕಂಬದ ಎತ್ತರ 2 ಮೀಟರ್, ಸೈಜ್ 4. ಅಂದರೆ ಇಡೀ ಕಂಬ ನಕ್ಷೆಯ ಒಂದೇ ತುಂಡಿನೊಳಗೆ ಕೂತಿದೆ. ಎಲ್ಲ ಕಣಕ್ಕೂ ಒಂದೇ ಕಡೆ ತಳ್ಳು ಸಿಗ್ತಿದೆ, ಅದಕ್ಕೇ ವಾಲಿಕೆ.

ಸೀಡ್ ಯಾಕೆ ಕೆಲಸ ಮಾಡ್ತಿಲ್ಲ ಅಂದ್ರೆ, ಅದು ನಾಯ್ಸ್ ಅಮೌಂಟ್‌ಗೆ ಸಂಬಂಧಪಟ್ಟಿದ್ದು. ಟರ್ಬ್ಯುಲೆನ್ಸ್ ನಕ್ಷೆ ಬರೋದು ಕಣ ಇರುವ ಸ್ಥಾನದಿಂದ, ಅದರಲ್ಲಿ ಸೀಡ್‌ಗೆ ಪಾತ್ರವೇ ಇಲ್ಲ. ಗ್ಲೋಬಲ್ ಆನ್ ಇದ್ದಾಗ ಎಂಪ್ಟಿಯನ್ನ (ಫೀಲ್ಡ್ ಕೂತಿರುವ, ರೆಂಡರ್‌ನಲ್ಲಿ ಕಾಣದ ವಸ್ತು) ಎಲ್ಲಿಗೆ ಎಳೆದರೂ ನಕ್ಷೆ ಕದಲಲ್ಲ. ಗ್ಲೋಬಲ್ ಆಫ್ ಮಾಡಿ ಎಂಪ್ಟಿಯನ್ನ ಮೂರು ಮೀಟರ್ ಪಕ್ಕಕ್ಕೆ ಸರಿಸಿ, ಸ್ಟ್ರೆಂತ್ 5ರಲ್ಲೇ ಮತ್ತೆ ಓಡಿಸಿ. ವಾಲುವ ದಿಕ್ಕು ಬದಲಾಗುತ್ತೆ, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತೆ.

ಈಗ ಸೈಜ್. ಚಲನೆ ನಡೆಯುವ ಜಾಗದ ಅಗಲ ನೋಡಿ, ಅದರ ಮೂರನೇ ಒಂದು ಭಾಗದಿಂದ ಐದನೇ ಒಂದು ಭಾಗದೊಳಗೆ ಶುರು ಮಾಡಿ. ಕಂಬ ಸುಮಾರು ಒಂದೂವರೆ ಮೀಟರ್ ಅಗಲ ಹರಡಬೇಕು ಅಂದ್ರೆ 0.3, 0.4 ಹೀಗೆ. ಇದನ್ನ ಊಹೆ ಮೇಲೆ ಬಿಡಬೇಡಿ. ತಾತ್ಕಾಲಿಕವಾಗಿ ಒಂದು ಚಪ್ಪಟೆ ಪ್ಲೇನ್ ತಗೊಂಡು, ಎಮಿಶನ್ ಸೋರ್ಸ್ ಗ್ರಿಡ್ ಅಂತ ಮಾಡಿ, ಎಲ್ಲ ಕಣಗಳೂ ಮೊದಲ ಫ್ರೇಮಿನಲ್ಲೇ ಹುಟ್ಟುವಂತೆ ಮಾಡಿ. ಗ್ರ್ಯಾವಿಟಿ ಸೊನ್ನೆ, ವಿಂಡ್ ಸೊನ್ನೆ, ಹುಟ್ಟುವೇಗ ಸೊನ್ನೆ. ಹತ್ತು ಹದಿನೈದು ಫ್ರೇಮ್ ಓಡಿಸಿ ನಿಲ್ಲಿಸಿ. ಗ್ರಿಡ್ ಗೆರೆಗಳು ಎಲ್ಲೆಲ್ಲಿ ಬಾಗಿವೆ, ಎಲ್ಲಿ ಬಾಗು ತಿರುಗುಮುರುಗಾಗಿದೆ ಅಂತ ನೋಡಿದರೆ ಸುಳಿಯ ಅಳತೆ ನೇರವಾಗಿ ಸಿಗುತ್ತೆ. ಅದರ ಪಕ್ಕ ನಿಮ್ಮ ಬೂದಿ ಚೂರಿನ ಮಾಡೆಲ್ ಇಟ್ಟು ನೋಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ. ಸೈಜ್ ಇಳಿಸಿದ ತಕ್ಷಣ "ಫೀಲ್ಡ್ ಸತ್ತೇ ಹೋಯ್ತು" ಅನ್ನಿಸುತ್ತೆ. ಅದು ಸಹಜ. ಕಣ ಒಂದೇ ವೇಗದಲ್ಲಿ ಹೋಗ್ತಾ ಇದ್ದಾಗ ಸುಳಿ ಅರ್ಧ ಅಳತೆಗೆ ಇಳಿದರೆ, ಬಲದ ದಿಕ್ಕು ಎರಡು ಪಟ್ಟು ಬೇಗ ಬದಲಾಗುತ್ತೆ. ಆಗ ಕಣದ ಅಕ್ಕಪಕ್ಕದ ಓಲಾಟ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ, ಯಾಕಂದ್ರೆ ಬಲದಿಂದ ವೇಗ, ವೇಗದಿಂದ ಸ್ಥಾನ ಅಂತ ಎರಡು ಸಲ ಕೂಡಿಕೆ ನಡೆಯುತ್ತೆ. ಹಾಗಾಗಿ ಸೈಜ್ ಅರ್ಧ ಮಾಡಿದಾಗ ಅದೇ ಪ್ರಮಾಣದ ಓಲಾಟಕ್ಕೆ ಸ್ಟ್ರೆಂತ್ ಸುಮಾರು ನಾಲ್ಕು ಪಟ್ಟು ಬೇಕಾಗುತ್ತೆ. ಇದು ಗೊತ್ತಿಲ್ಲದೆ ಮೊದಲು ಸ್ಟ್ರೆಂತ್ ಗೊತ್ತು ಮಾಡಿ, ಆಮೇಲೆ ಸೈಜ್ ಮುಟ್ಟಿದರೆ ಕೆಲಸ ಮುಗಿಯೋದೇ ಇಲ್ಲ.

ಬೂದಿಕಣ:
ಸುಳಿಗಾಳಿ ಸರ್, ತುಂಬಾ ಥ್ಯಾಂಕ್ಸ್. ಗ್ರಿಡ್ ಹಾಕಿ ನೋಡಿದೆ. ಸೈಜ್ 4ರಲ್ಲಿ ಗ್ರಿಡ್ ಬಾಗೋದೇ ಇಲ್ಲ, ಹಾಗೇ ಪೂರ್ತಿ ಸರಿದುಹೋಗುತ್ತೆ. 0.4ಕ್ಕೆ ಇಳಿಸಿ ಸ್ಟ್ರೆಂತ್ 20 ಮಾಡಿದೆ. ಮೊದಲ ಎರಡು ಸೆಕೆಂಡ್ ನಾನು ಅಂದುಕೊಂಡ ಹಾಗೇ ಇದೆ, ಸುಳಿ ಚೆನ್ನಾಗಿ ಕಾಣ್ತಿದೆ. ಆಮೇಲೆ ಕಣಗಳ ವೇಗ ಏರ್ತಾ ಏರ್ತಾ ಹೋಗಿ ಸುಳಿ ಅಳಿಸಿಹೋಗುತ್ತೆ, ಬರೀ ನೇರ ಗೆರೆಗಳು. ಡ್ರ್ಯಾಗ್ ಹೆಚ್ಚಿಸಿದರೂ ನಿಲ್ತಿಲ್ಲ.

ಹಗುರಗರಿ:
ಇಷ್ಟೆಲ್ಲ ಯಾಕೆ, ಟರ್ಬ್ಯುಲೆನ್ಸ್ ತೆಗೆದುಹಾಕಿ ಪಾರ್ಟಿಕಲ್ ಫಿಸಿಕ್ಸ್‌ನಲ್ಲಿ ಬ್ರೌನಿಯನ್ ಏರಿಸಿ. ನಾನು ಧೂಳಿಗೆ ಅದನ್ನೇ ಬಳಸೋದು.

ಕ್ಯಾಶ್‌ಕಾವಲು:
ಹಗುರಗರಿ ಅವರೇ, ಬ್ರೌನಿಯನ್‌ನಲ್ಲಿ ಪ್ರತಿ ಕಣಕ್ಕೂ ಪ್ರತಿ ಹೆಜ್ಜೆಗೂ ಬೇರೆಯೇ ಬಲ ಬೀಳುತ್ತೆ. ಪಕ್ಕದ ಕಣಕ್ಕೂ ಅದಕ್ಕೂ ಸಂಬಂಧ ಇರಲ್ಲ. ಕಿಟಕಿ ಬೆಳಕಲ್ಲಿ ತೇಲುವ ಸಣ್ಣ ಧೂಳಿಗೆ ಅದು ಒಪ್ಪುತ್ತೆ. ಇಲ್ಲಿ ಬೂದಿ ಚೂರುಗಳ ಗುಂಪು ಒಟ್ಟಿಗೆ ತಿರುಗಬೇಕು. ಗುಂಪು ಒಟ್ಟಿಗೆ ತಿರುಗೋದನ್ನ ನೋಡಿಯೇ ಅಲ್ವಾ, ಕಣ್ಣಿಗೆ ಗಾಳಿ ಇದೆ ಅಂತ ಗೊತ್ತಾಗೋದು. ಅದಕ್ಕೆ ನಕ್ಷೆಯ ಥರದ ಬಲವೇ ಬೇಕು.

ಬೂದಿಕಣ, ನಿಮ್ಮ ಡ್ರ್ಯಾಗ್ ವಿಷಯ. ಬ್ಲೆಂಡರ್‌ನ ಪಾರ್ಟಿಕಲ್ ಡ್ರ್ಯಾಗ್ ಲೆಕ್ಕದಲ್ಲಿ ಕಣದ ಸೈಜ್‌ನ ವರ್ಗ ಗುಣಿಸಿಕೊಳ್ಳುತ್ತೆ. ಕಣದ ಸೈಜ್ ಅಂದರೆ ಸ್ಕೇಲ್, ಅದರ ಡೀಫಾಲ್ಟ್ 0.05. ಅದರ ವರ್ಗ 0.0025. ನೀವು ಡ್ರ್ಯಾಗ್ 1 ಕೊಟ್ಟರೂ ಸಿಗೋದು ನಾನೂರನೇ ಒಂದು ಭಾಗ. ನಿಮ್ಮ ಚೂರು ಒಂದೆರಡು ಸೆಂಟಿಮೀಟರ್ ಇರೋದರಿಂದ ಸ್ಕೇಲ್ ಇನ್ನೂ ಚಿಕ್ಕದೇ ಇಟ್ಟಿರ್ತೀರಿ. ಹಾಗಾಗಿ ಆ ಡ್ರ್ಯಾಗ್ ಇದ್ದೂ ಇಲ್ಲದ ಹಾಗೆ.

ಎರಡು ದಾರಿ ಇವೆ. ಒಂದು, ಡ್ಯಾಂಪ್. ಅದು ಕಣದ ಸೈಜ್ ನೋಡಲ್ಲ, ವೇಗವನ್ನೇ ನೇರವಾಗಿ ಕಡಿಮೆ ಮಾಡುತ್ತೆ. ಆದರೆ ಅದು ತುಂಬಾ ಒರಟು, 0.1 ಕೂಡ ಜೋರೇ. ಎರಡನೆಯದು ನನಗೆ ಹಿಡಿಸಿದ್ದು: ಫೋರ್ಸ್ ಫೀಲ್ಡ್‌ನಲ್ಲೇ ಇರುವ ಫ್ಲೋ. ಅದನ್ನ ಸೊನ್ನೆಗಿಂತ ಮೇಲಿಟ್ಟರೆ ಕಣದ ವೇಗಕ್ಕೆ ತಕ್ಕಷ್ಟು ಎದುರು ಬಲ ಕೂಡಿಕೊಳ್ಳುತ್ತೆ. ಬಲ ಅನ್ನೋದು ಗಾಳಿಯ ಹರಿವಾಗಿ ಬದಲಾಗುತ್ತೆ ಅಂತಲೇ ಹೇಳಬಹುದು. ಆಗ ಕಣ ಎಷ್ಟು ಹೊತ್ತು ಓಡಿದರೂ ವೇಗ ಸ್ಟ್ರೆಂತ್ ಭಾಗಿಸು ಫ್ಲೋ ಅನ್ನೋ ಮಿತಿಯನ್ನ ದಾಟಲ್ಲ. ಸ್ಟ್ರೆಂತ್ 3, ಫ್ಲೋ 2 ಇಟ್ಟರೆ ಮಿತಿ ಸೆಕೆಂಡಿಗೆ 1.5 ಮೀಟರ್. ನಾಯ್ಸ್‌ನ ಬೆಲೆ ಬಹುತೇಕ ಕಡೆ ತನ್ನ ಗರಿಷ್ಠದ ಅರ್ಧಕ್ಕಿಂತ ಕಡಿಮೆ ಇರೋದರಿಂದ ಸಾಮಾನ್ಯವಾಗಿ ಕಾಣೋದು ಅರ್ಧ ಮೀಟರ್ ಆಸುಪಾಸು. ಎರಡು ಮೀಟರಿನ ಬೂದಿ ಕಂಬಕ್ಕೆ ಅದು ಹದವಾದ ವೇಗ.

ಎರಡು ಎಚ್ಚರಿಕೆ. ವಿಂಡ್ ಮತ್ತು ಟರ್ಬ್ಯುಲೆನ್ಸ್ ಎರಡರಲ್ಲೂ ಫ್ಲೋ ಇಟ್ಟರೆ ಎರಡೂ ಕೂಡಿಕೊಳ್ಳುತ್ತವೆ, ಒಂದರಲ್ಲಿ ಮಾತ್ರ ಇಡಿ. ಹಾಗೇ ಫ್ಲೋ 2 ಇದ್ದಾಗ ಪೂರ್ತಿ ಗ್ರ್ಯಾವಿಟಿ ಬಿಟ್ಟರೆ ಚೂರುಗಳು ಸೆಕೆಂಡಿಗೆ ಸುಮಾರು 4.9 ಮೀಟರ್ ವೇಗದಲ್ಲಿ ಇಳಿಯೋಕೆ ನೋಡುತ್ತವೆ. ಬೂದಿ ಹಾಗೆ ಬೀಳಲ್ಲ. ಫೀಲ್ಡ್ ವೆಯ್ಟ್ಸ್‌ನಲ್ಲಿ ಗ್ರ್ಯಾವಿಟಿಯನ್ನ 0.05ಕ್ಕೆ ತನ್ನಿ. ಇಳಿಯುವ ವೇಗ ಕಾಲು ಮೀಟರಿಗೆ ಬರುತ್ತೆ. ಇವೆಲ್ಲ ಮಾಸ್ 1 ಇದ್ದಾಗಿನ ಲೆಕ್ಕ.

ನೋಡ್‌ಬಳ್ಳಿ:
ಕ್ಯಾಶ್‌ಕಾವಲು ಹೇಳಿದ್ದು ಬೇರೆ ಸಾಫ್ಟ್‌ವೇರ್ ಬಳಸೋರಿಗೂ ಹೊಂದುತ್ತೆ. ಹೌಡಿನಿಯಲ್ಲಿ ಪಾಪ್ ಫೋರ್ಸ್, ಪಾಪ್ ವಿಂಡ್ ಎರಡರಲ್ಲೂ ನಾಯ್ಸ್ ಇದೆ. ಫೋರ್ಸ್‌ನಲ್ಲಿ ಆಂಪ್ಲಿಟ್ಯೂಡ್ ಕೊಟ್ಟರೆ ಅದು ತಳ್ಳುತ್ತಲೇ ಇರುತ್ತೆ. ವಿಂಡ್‌ನಲ್ಲಿ ಅದೇ ಆಂಪ್ಲಿಟ್ಯೂಡ್ ಗಾಳಿಯ ವೇಗ. ಕಣ ಆ ವೇಗಕ್ಕೆ ಹೊಂದಿಕೊಳ್ಳೋಕೆ ನೋಡುತ್ತೆ, ಎಷ್ಟು ಬೇಗ ಹೊಂದಿಕೊಳ್ಳುತ್ತೆ ಅನ್ನೋದು ಏರ್ ರೆಸಿಸ್ಟೆನ್ಸ್ ಮೇಲೆ. ಬೂದಿ, ಗರಿ, ಎಲೆ, ಹಿಮ, ಇಂಥ ಹಗುರ ವಸ್ತುವಿಗೆಲ್ಲ ನಾನು ವಿಂಡ್ ಬಿಟ್ಟು ಬೇರೆ ಮುಟ್ಟಲ್ಲ. ಅಲ್ಲಿ ಸೈಜ್‌ನ ಹೆಸರು ಸ್ವರ್ಲ್ ಸೈಜ್. ಮಾಯಾದಲ್ಲಿ ಫ್ರೀಕ್ವೆನ್ಸಿ ಅಂತ ಇದೆ, ಅದು ಉಲ್ಟಾ: ಸಂಖ್ಯೆ ದೊಡ್ಡದಾದಷ್ಟೂ ಸುಳಿ ಚಿಕ್ಕದು. ಒಂದರಿಂದ ಇನ್ನೊಂದಕ್ಕೆ ಹೋಗೋರು ಇಲ್ಲಿ ಎಡವುತ್ತಾರೆ.

ಒಂದೇ ಅಳತೆಯ ಸುಳಿ ಇದ್ದರೆ ಕಣ್ಣು ಅದನ್ನ ಬೇಗ ಹಿಡಿದುಬಿಡುತ್ತೆ. ಎರಡನೆಯ ಪದರ ಹಾಕಿ, ಸೈಜ್ ಮೂರನೇ ಒಂದು ಭಾಗ. ಅದರ ಪ್ರಮಾಣ ಎಷ್ಟು ಅನ್ನೋದಕ್ಕೆ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಕೊಟ್ಟ ಲೆಕ್ಕ ಒಳ್ಳೆ ಆಧಾರ: ಸುಳಿಯ ವೇಗ ಅದರ ಅಳತೆಯ ಘನಮೂಲದ ಪ್ರಮಾಣದಲ್ಲಿ ಇಳಿಯುತ್ತೆ. ಅಳತೆ ಮೂರನೇ ಒಂದಾದರೆ ವೇಗ ಸುಮಾರು 0.7 ಪಟ್ಟು. ಗಾಳಿಯ ವೇಗ ಕೊಡುವ ಕಡೆ ಈ 0.7 ನೇರವಾಗಿ ಹಾಕಬಹುದು. ಬಹಳ ಜನ ಎರಡನೆಯ ಪದರವನ್ನ 0.1, 0.2ಕ್ಕೆ ಇಟ್ಟು "ಡೀಟೇಲ್ ಕಾಣ್ತಿಲ್ಲ" ಅಂತಾರೆ. ಹೆದರದೆ ಮೇಲಕ್ಕೆ ತನ್ನಿ.

ಬೂದಿಕಣ:
ಫ್ಲೋ 2 ಹಾಕಿದ್ದೇ ಹಾಕಿದ್ದು, ಕಣಗಳು ಕೊನೆಯವರೆಗೂ ಹಿಡಿತದಲ್ಲಿವೆ! ಈಗ ಬೇರೊಂದು ಕಾಣ್ತಿದೆ. ಕಣಗಳು ಗಾಳಿಯಲ್ಲಿ ಕಾಣದ ಕಾಲುವೆ ಕೊರೆದಿಟ್ಟ ಹಾಗೆ ಅದೇ ಅದೇ ದಾರಿ ಹಿಡಿದು ಹೋಗ್ತಿವೆ. ಒಂದರ ಹಿಂದೆ ಒಂದು, ಒಂದೇ ತಿರುವಿನಲ್ಲಿ ತಿರುಗುತ್ತವೆ. ಇದು ಏನು?

ಸುಳಿಗಾಳಿ:
ಚೆನ್ನಾಗಿ ಗಮನಿಸಿದ್ದೀರಿ. ಇದನ್ನ ಗಮನಿಸದೆ ಎಷ್ಟೋ ಶಾಟ್‌ಗಳು ಹಾಗೇ ರೆಂಡರ್ ಆಗಿ ಹೊರಗೆ ಹೋಗುತ್ತವೆ.

ನಕ್ಷೆ ನಿಂತಲ್ಲೇ ನಿಂತಿದೆ, ಕಣಗಳು ಮಾತ್ರ ಅದರೊಳಗಿಂದ ಹಾದುಹೋಗ್ತಿವೆ. ಇಪ್ಪತ್ತನೇ ಫ್ರೇಮಿನಲ್ಲಿ ಒಂದು ಜಾಗದಲ್ಲಿ ಬಲಗಡೆಗೆ ತಳ್ಳಿದ ಫೀಲ್ಡ್ ಇನ್ನೂರನೇ ಫ್ರೇಮಿನಲ್ಲೂ ಅಲ್ಲೇ ಬಲಗಡೆಗೇ ತಳ್ಳುತ್ತೆ. ಬ್ಲೆಂಡರ್‌ನ ಟರ್ಬ್ಯುಲೆನ್ಸ್ ತಾನಾಗೇ ಕಾಲದ ಜೊತೆ ಬದಲಾಗಲ್ಲ. ಮಾಯಾದಲ್ಲೂ ಫೇಸ್ (ನಕ್ಷೆಯನ್ನ ಸರಿಸುವ ಸಂಖ್ಯೆ) ಅನ್ನೋದಕ್ಕೆ ಕೀ ಹಾಕುವವರೆಗೆ ಅಥವಾ ಟೈಮ್ ಎಕ್ಸ್‌ಪ್ರೆಶನ್ ಬರೆಯುವವರೆಗೆ ಹೀಗೇ. ಹೌಡಿನಿಯಲ್ಲಿ ಪಲ್ಸ್ ಲೆಂಗ್ತ್ (ನಕ್ಷೆ ಎಷ್ಟು ಹೊತ್ತಿಗೆ ಬದಲಾಗುತ್ತೆ ಅನ್ನೋದು) ಇರೋದರಿಂದ ಅಲ್ಲಿ ಈ ಕಾಟ ಕಡಿಮೆ.

ನಿಜವಾದ ಗಾಳಿಯಲ್ಲಿ ಸುಳಿಗಳು ಗಾಳಿಯ ಜೊತೆಗೇ ತೇಲಿಹೋಗುತ್ತವೆ. ಬ್ರಿಟಿಷ್ ಭೌತವಿಜ್ಞಾನಿ ಜಿ. ಐ. ಟೇಲರ್ 1938ರಲ್ಲಿ ಹೇಳಿದ್ದು ಇದನ್ನೇ: ಹರಿವು ಸಾಕಷ್ಟು ಜೋರಾಗಿದ್ದರೆ, ಸುಳಿಗಳ ವಿನ್ಯಾಸ ಹೆಪ್ಪುಗಟ್ಟಿದಂತೆ ಹಾಗೇ ಹರಿವಿನ ವೇಗದಲ್ಲಿ ಸಾಗುತ್ತೆ ಅಂತ ಲೆಕ್ಕ ಹಾಕಬಹುದು. ನಮಗೆ ಇದು ಕೈಗೆ ಸಿಕ್ಕ ವರ. ಗ್ಲೋಬಲ್ ಆಫ್ ಮಾಡಿ, ಎಂಪ್ಟಿಗೆ ಕೀಫ್ರೇಮ್ (ಯಾವ ಫ್ರೇಮಿನಲ್ಲಿ ಎಲ್ಲಿರಬೇಕು ಅನ್ನೋ ಗುರುತು) ಹಾಕಿ ಮೇಲಕ್ಕೆ ಚಲಿಸುವಂತೆ ಮಾಡಿ. ನಿಮ್ಮ ವಿಂಡ್ ಕಣಗಳನ್ನ ಸೆಕೆಂಡಿಗೆ 0.8 ಮೀಟರ್ ಎತ್ತುತ್ತಿದ್ದರೆ ಎಂಪ್ಟಿಯೂ ಅಷ್ಟೇ ವೇಗದಲ್ಲಿ ಹೋಗಲಿ. ಗ್ರಾಫ್ ಎಡಿಟರ್‌ನಲ್ಲಿ ಇಂಟರ್‌ಪೊಲೇಶನ್ ಲೀನಿಯರ್ ಮಾಡೋದು ಮರೀಬೇಡಿ, ಇಲ್ಲದಿದ್ದರೆ ಗಾಳಿ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುತ್ತೆ. ಫಾಲ್ಆಫ್‌ನಲ್ಲಿ ಮ್ಯಾಕ್ಸಿಮಮ್ ಡಿಸ್ಟೆನ್ಸ್ ಇಟ್ಟಿದ್ದರೆ ತೆಗೆಯಿರಿ, ಎಂಪ್ಟಿ ದೂರ ಹೋದ ಮೇಲೆ ಬಲವೇ ತಲುಪಲ್ಲ.

ಸರಿಯಾಗಿ ಅದೇ ವೇಗ ಇಟ್ಟರೆ ಕಣ ಒಂದೇ ಸುಳಿಯಲ್ಲಿ ಸಿಕ್ಕಿಕೊಂಡು ಕೂತುಬಿಡುತ್ತೆ ಅನ್ನಿಸಿದರೆ, ಎಂಪ್ಟಿಯ ವೇಗವನ್ನ ಮುಕ್ಕಾಲಕ್ಕೆ ಇಳಿಸಿ. ಈ ತೀರ್ಮಾನ ಮಾತ್ರ ಕಣ್ಣಿಂದಲೇ ಆಗಬೇಕು.

ನೋಡ್‌ಬಳ್ಳಿ:
ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ. ಮೂರು ದಿಕ್ಕಿಗೂ ಬೇರೆ ಬೇರೆ ಪರ್ಲಿನ್ ನಾಯ್ಸ್ ಹಾಕಿ ಮಾಡಿದ ಬಲದಲ್ಲಿ ಕೆಲವು ಕಡೆ ಎಲ್ಲ ಬಾಣಗಳೂ ಒಳಮುಖವಾಗಿರುತ್ತವೆ. ಕಣಗಳು ಬಂದು ಅಲ್ಲಿ ಗುಡ್ಡೆ ಬೀಳುತ್ತವೆ. ಮಾಮೂಲಿ ವೇಗದ ಗಾಳಿ ಹೀಗೆ ಒಂದು ಬಿಂದುವಿಗೆ ಬಂದು ಸೇರಿಕೊಳ್ಳಲ್ಲ. ರಾಬರ್ಟ್ ಬ್ರಿಡ್ಸನ್ ಮತ್ತು ಜೊತೆಗಾರರು 2007ರಲ್ಲಿ ತಂದ ಕರ್ಲ್ ನಾಯ್ಸ್ ಇದಕ್ಕೇ ಹುಟ್ಟಿದ್ದು. ನಾಯ್ಸ್‌ನ ಕರ್ಲ್ (ಪ್ರತಿ ಬಿಂದುವಿನ ಸುತ್ತ ಎಷ್ಟು ಸುತ್ತುತ್ತೆ ಅನ್ನೋ ಲೆಕ್ಕ) ತೆಗೆದು ಅದನ್ನ ಗಾಳಿಯ ವೇಗ ಅಂತ ಬಳಸಿದರೆ ಎಲ್ಲೂ ಒಳಗಿಳಿಯುವ ಬಿಂದು ಉಳಿಯಲ್ಲ. ನನ್ನನ್ನ ಕೇಳಿದರೆ ಎಲ್ಲ ಕಡೆ ಅದನ್ನೇ ಬಳಸಬೇಕು.

ಸುಳಿಗಾಳಿ:
"ಎಲ್ಲ ಕಡೆ" ಅನ್ನೋದನ್ನ ನಾನು ಒಪ್ಪಲ್ಲ. ಹೊಗೆ, ಮಂಜು, ಬೂದಿಗೆ ಸರಿ. ಆದರೆ ಮರಳು, ಕಿಡಿ, ನೀರಹನಿಯಂಥ ಭಾರದ ಕಣಗಳು ನಿಜವಾದ ಗಾಳಿಯಲ್ಲೇ ಸುಳಿಯ ನಡುವಿನಿಂದ ಹೊರಗೆ ಎಸೆಯಲ್ಪಟ್ಟು, ಸುಳಿಗಳ ನಡುವಿನ ಜಾಗದಲ್ಲಿ ಗೆರೆಗೆರೆಯಾಗಿ ಸೇರಿಕೊಳ್ಳುತ್ತವೆ. ಆ ಗುಂಪುಗೂಡುವಿಕೆ ಇಲ್ಲದಿದ್ದರೆ ಮರಳುಗಾಳಿ ಹೊಗೆಯ ಹಾಗೆ ಕಾಣುತ್ತೆ. ನಿಮ್ಮ ಕರ್ಲ್ ನಾಯ್ಸ್ ಗಾಳಿಯಾಗಿರಲಿ, ಆದರೆ ಕಣ ಅದಕ್ಕೆ ತಡವಾಗಿ ಹೊಂದಿಕೊಳ್ಳಲಿ. ಏರ್ ರೆಸಿಸ್ಟೆನ್ಸ್ ಇಳಿಸಿದರೆ ಭಾರದ ಅನುಭವ ಬರುತ್ತೆ.

ನೋಡ್‌ಬಳ್ಳಿ:
ಹಾಗಾದ್ರೆ ನಾವಿಬ್ಬರೂ ಒಂದನ್ನೇ ಹೇಳ್ತಿದ್ದೀವಿ. ಗಾಳಿಗೆ ಕರ್ಲ್, ಭಾರವನ್ನ ಕಣಕ್ಕೆ ಬಿಡೋದು. ಒಂದೇ ಜಾಗದಲ್ಲಿ ಕದಲದೆ ಬೀಳುವ ಗುಡ್ಡೆ ಮಾತ್ರ ತಪ್ಪು.

ಕಿಡಿಸಾಲು:
ಕಿಡಿ ಅಂದಿದ್ದಕ್ಕೆ ಕೇಳ್ತೀನಿ. ವೆಲ್ಡಿಂಗ್ ಕಿಡಿಗಳಿಗೆ ಟರ್ಬ್ಯುಲೆನ್ಸ್ ಸೈಜ್ 0.2 ಇಟ್ಟಿದ್ದೀನಿ. ಸುಳಿ ಬರೋ ಬದಲು ಕಿಡಿಗಳು ಗಡಗಡ ನಡುಗುತ್ತವೆ. ಸ್ಟ್ರೆಂತ್ ಇಳಿಸಿದರೆ ನಡುಕ ಸಣ್ಣದಾಗುತ್ತೆ ಅಷ್ಟೇ.

ಕ್ಯಾಶ್‌ಕಾವಲು:
ಕಿಡಿಯ ವೇಗ ಸೆಕೆಂಡಿಗೆ 10 ಮೀಟರ್ ಅಂದುಕೊಳ್ಳಿ. 24 ಫ್ರೇಮಿಗೆ ಭಾಗಿಸಿದರೆ ಒಂದು ಫ್ರೇಮಿನಲ್ಲಿ 0.42 ಮೀಟರ್ ಹಾರುತ್ತೆ. ನಿಮ್ಮ ಸುಳಿ 0.2. ಅಂದರೆ ಒಂದೊಂದು ಫ್ರೇಮಿಗೂ ಎರಡು ಸುಳಿಯನ್ನ ನೋಡದೇ ಜಿಗಿದುಹೋಗುತ್ತೆ. ಪ್ರತಿ ಸಲ ಎಲ್ಲಿ ಕಾಲೂರಿತೋ ಅಲ್ಲಿನ ಬಲ, ಸಂಬಂಧವಿಲ್ಲದ ದಿಕ್ಕು. ಅದೇ ನಡುಕ. ಒಂದು ಸುಳಿ ದಾಟುವಷ್ಟರಲ್ಲಿ ಕನಿಷ್ಠ ನಾಲ್ಕು ಸಲ ಬಲ ಓದಬೇಕು, ಅಂದರೆ ಹೆಜ್ಜೆ 0.05 ಮೀಟರ್, ಸಬ್‌ಫ್ರೇಮ್ (ಒಂದು ಫ್ರೇಮಿನೊಳಗಿನ ಲೆಕ್ಕದ ಹೆಜ್ಜೆಗಳು) ಎಂಟು ಒಂಬತ್ತು. ಇಲ್ಲಾಂದ್ರೆ ಸೈಜ್ ಅನ್ನೇ 1.5ಕ್ಕೆ ಏರಿಸಿ. ಅಷ್ಟು ವೇಗದ ಕಿಡಿ ನಿಜವಾಗಲೂ ಸಣ್ಣ ಸುಳಿಗೆ ಬಗ್ಗಲ್ಲ, ಹಾಗಾಗಿ ನಾನಾದರೆ ಸೈಜ್ ಏರಿಸ್ತೀನಿ. ಬೂದಿಕಣ ಅವರ ಕಣ ಒಂದು ಫ್ರೇಮಿಗೆ ಆರು ಸೆಂಟಿಮೀಟರ್ ಕೂಡ ದಾಟಲ್ಲ, ಅವರಿಗೆ ಈ ಚಿಂತೆ ಇಲ್ಲ.

ಮಡಿಕೆಬಟ್ಟೆ:
ಇದೇ ಲೆಕ್ಕ ಬಟ್ಟೆಗೂ ಬರುತ್ತಾ? ಬಾವುಟದ ಕ್ಲಾತ್ ಸಿಮ್‌ನಲ್ಲಿ ಟರ್ಬ್ಯುಲೆನ್ಸ್ ಹಾಕಿದರೆ ಮೇಲ್ಮೈ ಮಿಣಮಿಣ ಅನ್ನುತ್ತೆ.

ಕ್ಯಾಶ್‌ಕಾವಲು:
ಬರುತ್ತೆ. ಅಲ್ಲಿ ಮೆಶ್‌ನ (ಬಟ್ಟೆಯ ಆಕಾರ ಕೊಡುವ ಬಿಂದು-ಗೆರೆಗಳ ಬಲೆ) ಅಂಚಿನ ಉದ್ದ ನೋಡಿ. ಶೃಂಗಗಳ ನಡುವೆ 5 ಸೆಂಟಿಮೀಟರ್ ಇದ್ದು ಸುಳಿ 6 ಸೆಂಟಿಮೀಟರ್ ಇದ್ದರೆ, ಪಕ್ಕಪಕ್ಕದ ಶೃಂಗಗಳಿಗೆ ಎದುರುಬದುರು ಬಲ ಬೀಳುತ್ತೆ. ಬಾವುಟದ ಉದ್ದದ ಅರ್ಧದಿಂದ ಮೂರನೇ ಒಂದರಷ್ಟು ಸುಳಿ ಇರಲಿ. ಸಣ್ಣ ಮಡಿಕೆಗಳನ್ನ ಬಟ್ಟೆಯ ಬೆಂಡಿಂಗ್ ತಾನೇ ಹುಟ್ಟಿಸುತ್ತೆ.

ಮಂಜುಡೊಮೇನ್:
ಹೊಗೆ ಮಾಡೋರಿಗೂ ಒಂದು ಮಾತು ಸೇರಿಸ್ತೀನಿ. ಡೊಮೇನ್ (ಹೊಗೆಯ ಲೆಕ್ಕ ನಡೆಯುವ ಪೆಟ್ಟಿಗೆ) 4 ಮೀಟರ್, ರೆಸಲ್ಯೂಶನ್ 64 ಅಂದರೆ ಒಂದು ವೋಕ್ಸೆಲ್ (ಆ ಪೆಟ್ಟಿಗೆಯ ಒಂದು ಚಿಕ್ಕ ಘನ) 6.25 ಸೆಂಟಿಮೀಟರ್. ಅಲ್ಲಿ 10 ಸೆಂಟಿಮೀಟರ್ ಸುಳಿ ಕೇಳಿದರೆ ಎರಡು ವೋಕ್ಸೆಲ್ ಕೂಡ ಸಿಗಲ್ಲ, ಲೆಕ್ಕದಲ್ಲೇ ಅಳಿಸಿಹೋಗುತ್ತೆ. ಐದಾರು ವೋಕ್ಸೆಲ್ ಆದರೂ ಇರಬೇಕು, ಅಂದರೆ 35 ಸೆಂಟಿಮೀಟರ್ ಸುಮಾರು. ಇನ್ನೂ ಸಣ್ಣದು ಬೇಕಂದ್ರೆ ರೆಸಲ್ಯೂಶನ್ 128 ಮಾಡಬೇಕು, ವೋಕ್ಸೆಲ್ ಎಂಟು ಪಟ್ಟಾಗುತ್ತೆ. ಅದಕ್ಕಿಂತ ಡೊಮೇನ್‌ನ ನಾಯ್ಸ್ ಆಯ್ಕೆ ಹಗುರ. ಬ್ಲೆಂಡರ್ 2.82ರಿಂದ ಬಂದ ಮ್ಯಾಂಟಾಫ್ಲೋದಲ್ಲಿ (ಹೊಗೆ, ದ್ರವದ ಲೆಕ್ಕ ಹಾಕುವ ಭಾಗ) ಅದು ಮೂಲ ಚಲನೆಯನ್ನ ಮುಟ್ಟದೆ ಮೇಲಿಂದ ಸಣ್ಣ ಸುಳಿ ಸೇರಿಸುತ್ತೆ. ಹೌಡಿನಿಯ ಪೈರೋದಲ್ಲಾದರೆ (ಬೆಂಕಿ, ಹೊಗೆಯ ಉಪಕರಣ) ದೊಡ್ಡದಕ್ಕೆ ಟರ್ಬ್ಯುಲೆನ್ಸ್, ಸಣ್ಣದಕ್ಕೆ ಡಿಸ್ಟರ್ಬೆನ್ಸ್, ಜ್ವಾಲೆಯನ್ನ ಸೀಳೋದಕ್ಕೆ ಶ್ರೆಡಿಂಗ್ ಅಂತ ಬೇರೆ ಬೇರೆ ಇವೆ. ಮೂರನ್ನೂ ಒಟ್ಟಿಗೆ ಏರಿಸಬೇಡಿ, ಕಂಟ್ರೋಲ್ ಫೀಲ್ಡ್ ಕೊಟ್ಟು ಬೇಕಾದ ಕಡೆ ಮಾತ್ರ ಬಿಡಿ. ಖಾಲಿ ಗಾಳಿಯನ್ನೂ ಕಲಕಿದರೆ ಹೊಗೆ ಬೇಗ ತೆಳುವಾಗಿ ಮಾಯವಾಗುತ್ತೆ.

ಬೂದಿಕಣ:
ಎಲ್ಲರ ಮಾತನ್ನೂ ಒಂದೊಂದಾಗಿ ಹಾಕಿದೆ. ಈಗ ಇರೋದು: ಒಂದು ಟರ್ಬ್ಯುಲೆನ್ಸ್ ಸೈಜ್ 0.4, ಸ್ಟ್ರೆಂತ್ 3, ಫ್ಲೋ 2. ಇನ್ನೊಂದು ಸೈಜ್ 0.13, ಸ್ಟ್ರೆಂತ್ 2, ಫ್ಲೋ 0. ಎರಡೂ ಎಂಪ್ಟಿ ಮೇಲಕ್ಕೆ ಚಲಿಸುತ್ತವೆ, ಸಣ್ಣದು ಸ್ವಲ್ಪ ನಿಧಾನ. ಗ್ರ್ಯಾವಿಟಿ 0.05. ಕಾಲುವೆಗಳು ಮಾಯ. ಚೂರುಗಳು ಗುಂಪಾಗಿ ಏಳುತ್ತವೆ, ಅರ್ಧ ದಾರಿಯಲ್ಲಿ ಗುಂಪು ಒಡೆದು ಕೆಲವು ಹಿಂದಕ್ಕೆ ಜಾರುತ್ತವೆ. ನನಗೆ ಬೇಕಾಗಿದ್ದು ಇದೇ. ಮನಸಾರೆ ಥ್ಯಾಂಕ್ಸ್. ಈಗ ಇರೋದು 500 ಕಣ. ಫೈನಲ್‌ಗೆ 20,000 ಬೇಕು. ಸಂಖ್ಯೆ ಏರಿಸಿದರೆ ಈ ಹೊಂದಾಣಿಕೆ ಕೆಡುತ್ತಾ?

ಕ್ಯಾಶ್‌ಕಾವಲು:
ಕೆಡಲ್ಲ. ಈ ಸೆಟಪ್‌ನಲ್ಲಿ ಕಣಕ್ಕೂ ಕಣಕ್ಕೂ ಪರಸ್ಪರ ಬಲ ಇಲ್ಲ, ಪ್ರತಿಯೊಂದೂ ನಕ್ಷೆಯನ್ನ ತಾನೇ ಓದಿಕೊಂಡು ಹೋಗುತ್ತೆ. ಯಾವ ಕಣ ಎಲ್ಲಿ ಹುಟ್ಟುತ್ತೆ ಅನ್ನೋದು ಬದಲಾಗುತ್ತೆ, ಚಲನೆಯ ಗುಣ ಹಾಗೇ ಇರುತ್ತೆ. ಹೊಗೆ ಸಿಮ್‌ನಲ್ಲಿ ರೆಸಲ್ಯೂಶನ್ ಏರಿಸಿದರೆ ಆಕಾರವೇ ಬೇರೆಯಾಗುತ್ತೆ, ಅಲ್ಲಿ ಮಾತ್ರ ಈ ಭರವಸೆ ಕೊಡಲಾಗಲ್ಲ.

ಏರಿಸುವ ಮೊದಲು ಎರಡು ಕೆಲಸ. ರೊಟೇಶನ್ ಪ್ಯಾನಲ್‌ನಲ್ಲಿ ಡೈನಾಮಿಕ್ ಆನ್ ಮಾಡಿ ಆ್ಯಂಗ್ಯುಲರ್ ವೆಲಾಸಿಟಿ ಸ್ವಲ್ಪ ಕೊಡಿ, ಚೂರುಗಳು ಮಗುಚುತ್ತಾ ಹೋಗಲಿ. ಚಪ್ಪಟೆ ಚೂರು ತಿರುಗದೆ ಬರೀ ಜಾರಿದರೆ ಇಷ್ಟು ಕಷ್ಟಪಟ್ಟು ತಂದ ಸುಳಿ ಅರ್ಧ ಕಾಣಿಸಲ್ಲ. ಆಮೇಲೆ ಫೈಲ್ ಸೇವ್ ಮಾಡಿ, ಕ್ಯಾಶ್‌ನಲ್ಲಿ ಡಿಸ್ಕ್ ಕ್ಯಾಶ್ ಆನ್ ಮಾಡಿ ಮೊದಲ ಫ್ರೇಮಿನಿಂದ ಬೇಕ್ ಮಾಡಿ (ಚಲನೆಯ ಲೆಕ್ಕ ಮುಗಿಸಿ ಉಳಿಸಿಡೋದು). ಎಂಪ್ಟಿಗಳ ಕೀಫ್ರೇಮ್ ಕೂಡ ಅದೇ ಫ್ರೇಮಿನಿಂದ ಶುರುವಾಗಿದೆಯಾ ನೋಡ್ಕೊಳ್ಳಿ. ಬೇಕ್ ಆದ ಮೇಲೆ ಎಂಪ್ಟಿ ಮುಟ್ಟಿದರೆ ಏನೂ ಬದಲಾಗಲ್ಲ, ಬದಲಿಸಬೇಕಾದರೆ ಬೇಕ್ ಅಳಿಸಿ ಮತ್ತೆ ಮಾಡಬೇಕು.